ಶನಿವಾರದ ಫ್ಲಮೆಂಕೊ: ಬರುವವರು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 7ಕ್ಕೆ ಸೆವಿಯಾದ ಟ್ರಿಯಾನಾ ಸೇತುವೆಯ ಪೇಟೆ ಕಡೆಯ ತುದಿಯಲ್ಲಿ ಸೇರೋಣ. ಅಲ್ಲಿಂದ ನದಿ ದಾಟಿ ನಡೆದೇ ಹೋಗುವುದು. ಫ್ಲಮೆಂಕೊ, ಅಂದರೆ ಸ್ಪೇನಿನ ಹಾಡು-ಕುಣಿತದ ಪ್ರದರ್ಶನ, 7:30ಕ್ಕೆ. ಬಾಗಿಲು ಹಾಕಿದ ಮೇಲೆ ಒಳಗೆ ಬಿಡುವುದಿಲ್ಲ, ದಯವಿಟ್ಟು ತಡ ಮಾಡಬೇಡಿ.

ಹೋದ ವಾರ ನಾನೊಬ್ಬಳೇ ಹೋಗಿ ನೋಡಿ ಬಂದೆ. ಚಿಕ್ಕ ಕೋಣೆ, ಮೈಕ್ ಇಲ್ಲ. ಮುಂದಿನ ಸಾಲಿನಲ್ಲಿ ಕೂತರೆ ಹಲಗೆಯ ನಡುಕ ನಮ್ಮ ಕುರ್ಚಿಗೂ ಹತ್ತುತ್ತದೆ. ಕುಣಿಯುವವರ ಬೂಟಿನ ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆ ಹೊಡೆದಿರುತ್ತಾರೆ, ಹೆಜ್ಜೆಯ ಸದ್ದು ಅದರದ್ದೇ. 'ಸೊಲೆಆ' ಎಂಬ ಫ್ಲಮೆಂಕೊ ಪ್ರಕಾರ ಶುರುವಾದಾಗ 12 ಎಣಿಕೆಯ ಲೆಕ್ಕ ಹಿಡಿದು ನೋಡಿ: ಒತ್ತು 3, 6, 8, 10, 12ರ ಮೇಲೆ. ನಮ್ಮಲ್ಲಿ ಭರತನಾಟ್ಯ ಕಲಿತವರಿಗೆ ಇದು ತುಂಬಾ ಹಿಡಿಸುತ್ತದೆ. ಕಣ್ಣು ಕಾಲಿನ ಮೇಲಿದ್ದರೂ ಕಿವಿ ಹಾಡುಗಾರನ ಕಡೆಗಿರಲಿ, ಕುಣಿತಕ್ಕೆ ದಾರಿ ತೋರುವುದು ಆ ದನಿಯೇ. ಆದರೆ ನಾವು ಚಪ್ಪಾಳೆ ತಟ್ಟುತ್ತಾ ಜೊತೆಗೂಡುವುದು ಬೇಡ. ಅವರಿಗೆ ಚಪ್ಪಾಳೆಯೂ ಒಂದು ವಾದ್ಯ, ತಾಳ ತಪ್ಪಿದರೆ ಕಷ್ಟ. ಮನಸ್ಸು ತುಂಬಿ ಬಂದರೆ "ಓಲೆ" ಅನ್ನಿ, ಫೋಟೊ ಮಾತ್ರ ಕೊನೆಗೆ.

ಊಟ 9ಕ್ಕೆ, ಪಕ್ಕದ ಬೀದಿಯಲ್ಲಿ. ಇಲ್ಲಿ ರಾತ್ರಿಯೂಟದ ಹೊತ್ತೇ ಅದು, ಮಕ್ಕಳಿಗೆ ಮೊದಲೇ ಏನಾದರೂ ತಿನ್ನಿಸಿ. ಸಸ್ಯಾಹಾರಿಗಳಿಗೆ ಜೀರಿಗೆ ಘಮದ ಪಾಲಕ್-ಕಡಲೆ ಇದೆ, ಇದೇ ಊರಿನ ತಿನಿಸು. ಸಾಲ್ಮೊರೆಹೊ ತಣ್ಣನೆ ಟೊಮೆಟೊ ಸಾರು, ಆದರೆ ಮೇಲೆ ಮೊಟ್ಟೆ, ಹಂದಿಮಾಂಸ ಉದುರಿಸುತ್ತಾರೆ. ಬೇಡವೆಂದು ಮೊದಲೇ ಹೇಳಬೇಕು.

ಬರುವವರು ಎಷ್ಟು ಜನ ಅಂತ ಇಂದು ರಾತ್ರಿಯೊಳಗೆ ಇಲ್ಲೇ ತಿಳಿಸಿ, ಸೀಟು ಹಿಡಿಸಬೇಕು.