ಮೈತ್ರಿ ಧ್ಯಾನದಲ್ಲಿ ಅಪ್ಪನ ಮುಖ ಬೇಡ

ಚಿ. ಸುಮಾಗೆ ಮಾವನ ಆಶೀರ್ವಾದಗಳು.

ಒಬ್ಬೊಬ್ಬರನ್ನೇ ನೆನೆದು ಒಳಿತು ಹಾರೈಸುವ ಮೈತ್ರಿ ಧ್ಯಾನಕ್ಕೆ ಕೂತು, ತೀರಿಕೊಂಡ ಅಪ್ಪನ ಮುಖ ನೆನೆದರೆ ಎರಡೇ ನಿಮಿಷಕ್ಕೆ ಅಳು ಒತ್ತರಿಸಿ ಬರುತ್ತದೆ ಎಂದು ಬರೆದಿದ್ದೀಯ. ಬರದೆ ಇನ್ನೇನು? ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಬುದ್ಧಘೋಷ ಬರೆದ ಬೌದ್ಧ ಸಾಧನೆಯ ಕೈಪಿಡಿ ‘ವಿಸುದ್ಧಿಮಗ್ಗ’ ಖಂಡಿತವಾಗಿ ಹೇಳುತ್ತದೆ: ತೀರಿಕೊಂಡವರನ್ನು ಮೈತ್ರಿಗೆ ಆರಿಸಿಕೊಳ್ಳಬಾರದು, ಮನಸ್ಸು ನೆಲೆಗೊಳ್ಳುವುದಿಲ್ಲ. ಮೊದಲು ನಿನ್ನಿಂದಲೇ ಶುರುಮಾಡು. ಆಮೇಲೆ ಗೌರವವಿರುವ, ಬದುಕಿರುವ ಒಬ್ಬರು, ನಿನ್ನ ಹಳೆಯ ಮೇಷ್ಟ್ರಾದರೂ ಸರಿ. ನಂತರ ಆಪ್ತ ಗೆಳತಿ, ಅದಾದ ಮೇಲೆ ದಿನಾ ಹಾಲು ಹಾಕುವವನಂಥ ಬರೀ ಮುಖಪರಿಚಯದವರು. ಆಗದವರು ಕೊನೆಗೆ. ಒಬ್ಬರಲ್ಲಿ ಮನಸ್ಸು ಮೆತ್ತಗಾಗುವ ತನಕ ಮುಂದಿನವರಿಗೆ ಹೋಗಬೇಡ. ಮೊದಲ ವಾರವೆಲ್ಲ ನಿನ್ನೊಬ್ಬಳಿಗೇ ಹಿಡಿದರೂ ಚಿಂತೆಯಿಲ್ಲ.

ಹಾಗಾದರೆ ಅಪ್ಪನಿಗೆ? ದಾನ. ಅಳುವುದರಿಂದ ಹೋದವರಿಗೆ ಪ್ರಯೋಜನವಿಲ್ಲ, ಅವರ ಹೆಸರಿನಲ್ಲಿ ಕೊಟ್ಟದ್ದು ಸಲ್ಲುತ್ತದೆ ಎನ್ನುತ್ತದೆ ತಿರೋಕುಡ್ಡ ಸುತ್ತ (ಸುತ್ತ ಎಂದರೆ ಬುದ್ಧನ ಉಪದೇಶ). ಸಿಂಹಳದ ಮನೆಗಳಲ್ಲಿ ಏಳನೆಯ ದಿನ, ಮೂರು ತಿಂಗಳಿಗೆ, ವರ್ಷಕ್ಕೆ ಭಿಕ್ಖುಗಳಿಗೆ ಊಟ ಬಡಿಸಿ, ಹೂಜಿಯ ನೀರನ್ನು ಬಟ್ಟಲು ತುಂಬಿ ಹರಿಯುವವರೆಗೆ ಸುರಿದು ಪುಣ್ಯ ಒಪ್ಪಿಸುತ್ತಾರೆ. ಕೈಗೆ ಒಂದು ಕೆಲಸ ಸಿಕ್ಕರೆ ದುಃಖಕ್ಕೂ ಹರಿಯಲು ದಾರಿ ಸಿಗುತ್ತದೆ.

ಇನ್ನು ಹಗಲಿನಲ್ಲಿ ಥಟ್ಟನೆ ಬರುವ ಸಂಕಟ. ಸಲ್ಲ ಸುತ್ತದ ಎರಡು ಬಾಣ ನಿನಗೆ ಗೊತ್ತು: ಮೊದಲನೆಯದು ತಾನಾಗಿ ಬಂದ ನೋವು, ಎರಡನೆಯದು ಅದರ ಮೇಲೆ ಮನಸ್ಸು ತಾನೇ ಚುಚ್ಚಿಕೊಳ್ಳುವ ಸಂಕಟ. ಎಲ್ಲರೂ ಎಡವುವುದು ಮೊದಲ ಬಾಣವನ್ನೇ ಕೀಳಲು ಹೋಗಿ. ಅದು ಇರಲಿ. ಗಂಟಲೋ ಎದೆಯೋ, ಎಲ್ಲಿ ಬಿಗಿದಿದೆ ಎಂದು ನೋಡಿ, ‘ದುಃಖ ವೇದನೆ’ ಎಂದು ಒಮ್ಮೆ ಗುರುತಿಸಿ, ಹತ್ತು ಉಸಿರು ಅಲ್ಲೇ ಇರು. ಆಗ ಒಂದು ಮಾತು ಏಳುತ್ತದೆ: ‘ಆಸ್ಪತ್ರೆಗೆ ಎರಡು ದಿನ ಮೊದಲೇ ಹೋಗಿದ್ದರೆ...’ ಎರಡನೆಯ ಬಾಣ ಅದೇ. ವಾದಿಸಬೇಡ, ಉಸಿರಿಗೆ ಹಿಂತಿರುಗು. ನಡುರಾತ್ರಿವರೆಗೆ ಗಲಭೆಯ ಸುದ್ದಿ ನೋಡುತ್ತೀಯಲ್ಲ, ಅದೂ ಆ ಸುತ್ತದಲ್ಲಿದೆ ಅನ್ನು: ನೋವಿನಿಂದ ಪಾರಾಗಲು ಬೇರೆ ದಾರಿ ತಿಳಿಯದವನು ಇಂದ್ರಿಯಸುಖದತ್ತ ಓಡುತ್ತಾನೆ. ಸುದ್ದಿ ಬೆಳಿಗ್ಗೆ ಒಮ್ಮೆ, ಹದಿನೈದು ನಿಮಿಷ ಸಾಕು. ಫೋನು ರಾತ್ರಿ ಅಡುಗೆಮನೆಯಲ್ಲಿರಲಿ.

‘ಎಲ್ಲ ಅನಿತ್ಯ’ ಎಂದು ನಿನಗೆ ನೀನೇ ಹೇಳಿಕೊಳ್ಳುವುದನ್ನು ಸದ್ಯಕ್ಕೆ ಬಿಡು. ಅದು ಕಂಡುಕೊಳ್ಳಬೇಕಾದದ್ದು, ಬಾಯಿ ಮುಚ್ಚಿಸುವ ಮಾತಲ್ಲ. ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ತೀರಿಕೊಂಡ ಸುದ್ದಿ ಕೇಳಿ ಇನ್ನೊಬ್ಬ ಶಿಷ್ಯ ಆನಂದನಿಗೆ ಮೈ ಮರಗಟ್ಟಿ ದಿಕ್ಕು ತೋಚದಂತಾಯಿತು. ಬುದ್ಧ ಮೊದಲು ಅನಿತ್ಯದ ಮಾತೆತ್ತಲಿಲ್ಲ. ಸಾರಿಪುತ್ತ ಹೋಗುವಾಗ ನಿನ್ನ ಶೀಲ, ಮನಸ್ಸಿನ ಏಕಾಗ್ರತೆ, ಪ್ರಜ್ಞೆಯನ್ನೂ ಕೊಂಡುಹೋದನೇ ಎಂದು ಕೇಳಿದ. ಅದೇ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆದು, ಅಪ್ಪನಿಂದ ನಿನಗೆ ಬಂದು ಇನ್ನೂ ಉಳಿದಿರುವುದನ್ನು ಕೆಳಗೆ ಬರೆಯುತ್ತಾ ಹೋಗು. ಲೆಕ್ಕ ಇಡುವುದು, ಮಾತಿಗೆ ತಪ್ಪದಿರುವುದು, ಇಂಥವು.

ನಿದ್ದೆ, ಊಟ ಎರಡೂ ಹೀಗೇ ಬಿಟ್ಟುಹೋಗಿದ್ದರೆ ಧ್ಯಾನ ಹೆಚ್ಚಿಸಬೇಡ, ಡಾಕ್ಟರಿಗೆ ತೋರಿಸು. ಮೂರು ತಿಂಗಳ ದಾನಕ್ಕೆ ಅಮ್ಮನನ್ನು ಕೇಳಿ ದಿನ ಗೊತ್ತುಮಾಡಿ ಬರೆ.

ಇಂತಿ,
ನಿನ್ನ ಮಾವ