ಡ್ಯೂಟಿ ದಿನದ ಕಸರತ್ತು: ಬಳ್ಳಾರಿಯ ತಮ್ಮನಿಗೆ ಒಂದು ಪತ್ರ

ಹ್ಯೂಸ್ಟನ್, ಟೆಕ್ಸಾಸ್
ಏಪ್ರಿಲ್ 20

ಚಿರಂಜೀವಿ ಮಂಜುನಾಥನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪ, ಅವ್ವನಿಗೆ ನಮಸ್ಕಾರ ತಿಳಿಸು. ನಿಮ್ಮ ಅಗ್ನಿಶಾಮಕ ಠಾಣೆಗೆ ಜಿಮ್ ಸಾಮಾನು ಬಂದಿದೆ, ಹುಡುಗರು ಡ್ಯೂಟಿಯಲ್ಲೇ ಸುಸ್ತಾಗಿ ಬೀಳುವಷ್ಟು ಕಸರತ್ತು ಮಾಡುತ್ತಾರೆ, ಇದು ಸರಿಯೇ ಎಂದು ಕೇಳಿದ್ದೀಯಲ್ಲ. ಇಲ್ಲಿನ ಅಗ್ನಿಶಾಮಕರಿಗೆ ವ್ಯಾಯಾಮ ಹೇಳಿಕೊಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಸರತ್ತು ಬೇಕೇ ಬೇಕು. ಡ್ಯೂಟಿಯಲ್ಲಿ ಸಾಯುವ ಅಮೆರಿಕದ ಅಗ್ನಿಶಾಮಕರಲ್ಲಿ ಅತಿ ಹೆಚ್ಚು ಜನರ ಪ್ರಾಣ ತೆಗೆಯುತ್ತಿರುವುದು ಹೃದಯದ ತೊಂದರೆ. ಗಂಟೆ ಬಾರಿಸಿದ ಕ್ಷಣ ನಾಡಿ ಏರುತ್ತದೆ. ಮೈಮೇಲೆ ಬೆಂಕಿ ತಡೆಯುವ ಉಡುಪು, ಬಿ.ಎ. ಸೆಟ್ (ಬೆನ್ನಿಗೆ ಹೊರುವ, ಗಾಳಿ ಸಿಲಿಂಡರಿನ ಉಸಿರಾಟದ ಸಾಧನ) ಸೇರಿ 20 ಕಿಲೋಗೂ ಹೆಚ್ಚು ಭಾರ. ಬೆವರು ಆರಲು ದಾರಿಯಿಲ್ಲ, ನೀರಿನಂಶ ಕಳೆದು ರಕ್ತ ಮಂದವಾಗುತ್ತದೆ. ಇದನ್ನೆಲ್ಲ ತಾಳಲು 12 ಮೆಟ್ (ಸುಮ್ಮನೆ ಕುಳಿತಾಗ ಮೈ ಬಳಸುವ ಆಮ್ಲಜನಕದ 12 ಪಟ್ಟು) ಸಾಮರ್ಥ್ಯ ಬೇಕೆಂಬುದು ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಅಂದರೆ ಪ್ರತಿ ಕಿಲೋ ಮೈತೂಕಕ್ಕೆ ನಿಮಿಷಕ್ಕೆ 42 ಮಿಲಿಲೀಟರ್ ಆಮ್ಲಜನಕ ಬಳಸುವ ಶಕ್ತಿ. ಅದು ಕುಳಿತಲ್ಲಿ ಬರುವುದಿಲ್ಲ.

ಆದರೆ ಡ್ಯೂಟಿಯ ದಿನ ಎಷ್ಟು ಮಾಡಬೇಕು ಎನ್ನುವುದಕ್ಕೆ ಒಂದೇ ಮಿತಿ. ಮುಗಿಸಿದ ಐದು ನಿಮಿಷಕ್ಕೆ ಕರೆ ಬಂದರೆ ಬಿ.ಎ. ಸೆಟ್ ಹೊತ್ತು ನಾಲ್ಕು ಮಹಡಿ ಹತ್ತಿ, ಹತ್ತಿದ ಮೇಲೂ ಕೆಲಸ ಮಾಡಲು ಆಗಬೇಕು. ಅರ್ಧ ಖಾಲಿಯಾದ ಸಿಲಿಂಡರನ್ನು ಸಿದ್ಧವೆಂದು ಯಾರೂ ವಾಹನದಲ್ಲಿ ಇಡುವುದಿಲ್ಲ. ಮೈಯನ್ನೂ ಹಾಗೆ ಇಟ್ಟುಕೊಳ್ಳಬಾರದು.

ತೂಕ ಎತ್ತುವುದಾದರೆ, ಹತ್ತು ಸಲ ಎತ್ತಬಲ್ಲ ಭಾರವನ್ನು ಏಳನೇ ಸಲಕ್ಕೆ ಕೆಳಗಿಡಲಿ. ಅಂಥ ಮೂರು ಸೆಟ್, ನಡುವೆ ಎರಡು ನಿಮಿಷ ಬಿಡುವು. ಇನ್ನು ಕೈಲಾಗದು ಎನ್ನುವವರೆಗೆ ಎತ್ತುವುದೆಲ್ಲ ರಜೆಯ ದಿನಕ್ಕೆ. ಹೊಸ ಕಸರತ್ತನ್ನೂ ಡ್ಯೂಟಿಯಲ್ಲಿ ಶುರು ಮಾಡಬೇಡಿ. ಸ್ನಾಯು ಹಿಗ್ಗುತ್ತಲೇ ಭಾರ ತಡೆಯುವ ಚಲನೆಗಳ ನೋವು, ಅಂದರೆ ಲಂಜಸ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು), ಎತ್ತರದಿಂದ ಜಿಗಿದು ಇಳಿಯುವುದು, ಕಂಬಿ ಹಿಡಿದು ಮೈ ಎತ್ತುವ ಪುಲ್‌ಅಪ್‌ನಲ್ಲಿ ನಿಧಾನವಾಗಿ ಇಳಿಯುವುದು ಇಂಥವುಗಳ ನೋವು, ಅಂದೇ ಗೊತ್ತಾಗುವುದಿಲ್ಲ. 24ರಿಂದ 72 ಗಂಟೆಗಳ ನಡುವೆ ಹೆಚ್ಚುತ್ತದೆ. ಸೋಮವಾರ ರಜೆಯಲ್ಲಿ ಮಾಡಿದ್ದು ಬುಧವಾರ ಏಣಿ ಇಳಿಯುವಾಗ ತೊಡೆ ನಡುಗಿಸುತ್ತದೆ. ಕಾಲಿಗೆ ಭಾರೀ ಕಸರತ್ತು ಬೇಕಿದ್ದರೆ ಡ್ಯೂಟಿ ಮುಗಿಸಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ಮಾಡಲಿ. ಆಗ ಮುಂದಿನ ಸರದಿಗೆ ಮೊದಲು ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಎಲ್ಲರೂ ಮರೆಯುವುದು ಕೈಹಿಡಿತವನ್ನು. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಎತ್ತಿ ನಿಲ್ಲುವುದು), ಪುಲ್‌ಅಪ್, ಹಗ್ಗ ಎಳೆಯುವುದು, ಭಾರ ಹಿಡಿದು ನಡೆಯುವುದು, ನಾಲ್ಕೂ ಒಂದೇ ದಿನ ಮಾಡಿದರೆ ಎದೆ, ಕಾಲು ಗಟ್ಟಿಯಿದ್ದರೂ ಮುಂಗೈ ಸೋತುಹೋಗಿರುತ್ತದೆ. ನೀರು ತುಂಬಿದ ಹೋಸ್ ಹಿಡಿದು ನಿಲ್ಲಲು ಬೇಕಾದದ್ದು ಅದೇ ಮುಂಗೈ. ಡ್ಯೂಟಿಯ ದಿನ ಇವುಗಳಲ್ಲಿ ಒಂದೇ ಸಾಕು. ಸೊಂಟದ ಮಾತೂ ಇದೇ. ಬೆಳಿಗ್ಗೆ ಸೊಂಟ ದಣಿಸಿಕೊಂಡವನು ಮಧ್ಯಾಹ್ನ ಗಾಯಾಳುವನ್ನು ಬಗ್ಗಿ ಎತ್ತುವಾಗ ಹಿಡಿಸಿಕೊಳ್ಳುತ್ತಾನೆ.

ಓಟ, ಸೈಕಲ್‌ಗೆ ನಾಡಿಯ ಲೆಕ್ಕ ಇಟ್ಟುಕೊಳ್ಳಿ. ವಯಸ್ಸನ್ನು 0.7ರಿಂದ ಗುಣಿಸಿ, ಬಂದದ್ದನ್ನು 208ರಿಂದ ಕಳೆದರೆ ಗರಿಷ್ಠ ನಾಡಿಯ ಅಂದಾಜು ಸಿಗುತ್ತದೆ. 40 ವರ್ಷದವನಿಗೆ 180. ಅದರ ಶೇ. 65ರಿಂದ 75, ಅಂದರೆ 117ರಿಂದ 135ರ ನಡುವೆ 20 ನಿಮಿಷ ಸಾಕು. ವಾಚ್ ಇಲ್ಲದಿದ್ದರೆ ಓಡುತ್ತಲೇ ಪಕ್ಕದವನ ಜೊತೆ ಪೂರ್ತಿ ವಾಕ್ಯ ಆಡಲು ಆಗುತ್ತದೆಯೇ ನೋಡಿ. ಬಿ.ಪಿ.ಗೆ ಕೆಲವು ಬಗೆಯ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಅವರಿಗೆ ಮಾತಿನ ಪರೀಕ್ಷೆಯೇ ಸರಿ. ಶುರುವಿನಲ್ಲಿ ಎಂಟು-ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಳ್ಳುವುದನ್ನು, ಕೊನೆಗೆ ಐದು ನಿಮಿಷ ನಡೆಯುವುದನ್ನು ಬಿಡಬೇಡಿ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಪೂರ್ತಿ ಉಡುಪು ತೊಟ್ಟು ಮೆಟ್ಟಿಲು ಹತ್ತುವ ಡ್ರಿಲ್ ಇದ್ದರೆ ಆ ದಿನದ ಕಸರತ್ತು ಅದೇ ಎಂದು ಲೆಕ್ಕ ಹಾಕಿ, ಬೇರೆ ಬೇಡ.

ಬಳ್ಳಾರಿಯ ಬಿಸಿಲೂ ಇಲ್ಲಿನಷ್ಟೇ ಕೆಟ್ಟದ್ದು. ಆದ್ದರಿಂದ ಬೆಳಿಗ್ಗೆ ಚಾರ್ಜ್ ತೆಗೆದುಕೊಂಡು ವಾಹನ, ಪಂಪ್ ಪರೀಕ್ಷಿಸಿದ ಕೂಡಲೇ ಮಾಡಿ ಮುಗಿಸಿ. ಮುಂಚೆ, ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ. ಮುಂದಿನ ಎರಡು-ಮೂರು ಗಂಟೆಯಲ್ಲಿ ಕಾಲು ಲೀಟರ್ ಹೆಚ್ಚೇ ಸೇರಿಸಿ ಕುಡಿಯಬೇಕು. ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಒಳ್ಳೆಯ ಪಾನೀಯ ನಿಮಗೆ ಬೇಕಿಲ್ಲ. 70 ಕಿಲೋದವನ ತೂಕ 1.4 ಕಿಲೋ ಇಳಿಯಿತೆಂದರೆ ಅದು ಡ್ಯೂಟಿಗೆ ಮೀರಿದ ಕಸರತ್ತು.

ನಡುವೆಯೇ ಕರೆ ಬಂದರೆ? ಕೈಯಲ್ಲಿದ್ದದ್ದನ್ನು ದಾರಿಗೆ ಅಡ್ಡವಾಗದಂತೆ ಬಿಟ್ಟು ಹೊರಡಿ. ಒಣಗಿದ ಹತ್ತಿ ಬನಿಯನ್ ಒಂದು ಬೂಟಿನ ಪಕ್ಕದಲ್ಲೇ ಇರಲಿ. ಇದನ್ನು ಒತ್ತಿ ಹೇಳುತ್ತೇನೆ, ಮಂಜು. ಬೆವರಿನಿಂದ ತೊಯ್ದ ಬಟ್ಟೆಯ ಮೇಲೆ ಉಡುಪು ಹಾಕಿಕೊಂಡು ಬೆಂಕಿಯ ಹತ್ತಿರ ಹೋದರೆ ಒಳಗಿನ ತೇವ ಕಾದು ಹಬೆಯಾಗಿ ಚರ್ಮ ಸುಡಬಹುದು. ಜಿಮ್‌ನ ಪಾಲಿಯೆಸ್ಟರ್ ಟೀ ಶರ್ಟ್ ಆದರೆ ಕರಗಿ ಮೈಗೆ ಅಂಟಿಕೊಳ್ಳುವ ಅಪಾಯವೂ ಇದೆ. ವಾಹನದಲ್ಲಿ ಒಂದು ಲೋಟ ನೀರು ಕುಡಿದು, ಈಗಷ್ಟೇ ಕಸರತ್ತು ಮಾಡುತ್ತಿದ್ದೆ ಎಂದು ಆಫೀಸರ್‌ಗೆ ತಿಳಿಸಬೇಕು. ಮೊದಲು ಒಳಗೆ ಹೋಗುವವರನ್ನು ಅವರು ನೋಡಿ ಆರಿಸುತ್ತಾರೆ. ಸಿಬ್ಬಂದಿಯೆಲ್ಲ ಒಟ್ಟಿಗೆ ಮಾಡದೆ ಎರಡು ಪಾಳಿಯಾಗಿ ಮಾಡಿದರೆ ಈ ಆಯ್ಕೆಗೆ ಅವಕಾಶ ಇರುತ್ತದೆ.

ರಾತ್ರಿ ಕರೆಗಳಿಂದ ನಿದ್ದೆಯಾಗದಿದ್ದರೆ, ಅಥವಾ ಎದ್ದಾಗಿನ ನಾಡಿ ಎಂದಿಗಿಂತ ಎಂಟು-ಹತ್ತು ಹೆಚ್ಚಿದ್ದರೆ, ಅಂದು ನಡಿಗೆ ಮತ್ತು ಮೈ ಸಡಿಲಿಸುವುದಷ್ಟೇ ಸಾಕು.

ಹುಡುಗರು ಪಂದ್ಯ ಕಟ್ಟಿ ಬಸ್ಕಿ, ದಂಡ ಹೊಡೆಯುತ್ತಾರೆ ಎಂದು ಬರೆದಿದ್ದೀಯ. ಅದನ್ನು ಡ್ಯೂಟಿಯಲ್ಲಿ ನಿಲ್ಲಿಸಿ. ರೂಢಿಯಿಲ್ಲದವನು ಒಮ್ಮೆಲೇ ನೂರಾರು ಬಸ್ಕಿ ತೆಗೆದರೆ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡವನ್ನು ಕೆಡಿಸಬಹುದು. ತೊಡೆ ಊದಿ, ನೋವು ಮಿತಿಮೀರಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಲವತ್ತು ದಾಟಿದವರು, ಮುಖ್ಯವಾಗಿ ವರ್ಷಗಳಿಂದ ಕಸರತ್ತು ಬಿಟ್ಟ ಡ್ರೈವರ್‌ಗಳು, ಶುರು ಮಾಡುವ ಮೊದಲು ಬಿ.ಪಿ., ಸಕ್ಕರೆ, ಇ.ಸಿ.ಜಿ. ಮಾಡಿಸಿ ವೈದ್ಯರಿಗೆ ತೋರಿಸಲಿ. ಮೊದಲ ಆರು ವಾರ ಅವರಿಗೆ ಬಿರುಸು ನಡಿಗೆಯೇ ಸಾಕು. ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ಕಾರಣವಿಲ್ಲದ ಉಬ್ಬಸ ಕಂಡರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಾಗದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಠಾಣೆಯಲ್ಲಿ ಯಾವ ಯಾವ ಸಾಮಾನು ಇದೆ, ಯಾರ ವಯಸ್ಸು ಎಷ್ಟು ಎಂದು ಬರೆದು ಕಳಿಸು. ಅದಕ್ಕೆ ತಕ್ಕಂತೆ ವಾರದ ಪಟ್ಟಿ ಮಾಡಿಕೊಡುತ್ತೇನೆ.

ಇಂತಿ,
ನಿನ್ನ ಅಕ್ಕ