ಮೊದಲು ಒತ್ತಕ್ಷರ ಕೂರುತ್ತದಾ ನೋಡಿ, ಆಮೇಲೆ ಬೆಲೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಡಿಸೈನ್ ತಂತ್ರಾಂಶಗಳ ಹೋಲಿಕೆ ಬಂದಿತ್ತು. ಕ್ಯಾನ್ವಾ, ಫಿಗ್ಮಾ, ಫೋಟೋಶಾಪ್, ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ. ಯಾವುದಕ್ಕೆ ತಿಂಗಳಿಗೆ ಎಷ್ಟು ದುಡ್ಡು, ಯಾವುದರಲ್ಲಿ ಟೆಂಪ್ಲೇಟು ಜಾಸ್ತಿ, ಯಾವುದಕ್ಕೆ ಎಷ್ಟು ಸ್ಟಾರ್. ಚೆನ್ನಾಗಿಯೇ ಇತ್ತು. ಆದರೆ ಇಡೀ ಪುಟ ಹುಡುಕಿದರೂ 'ಇದರಲ್ಲಿ ಕನ್ನಡ ಸರಿಯಾಗಿ ಬರುತ್ತದಾ' ಅನ್ನೋ ಪ್ರಶ್ನೆ ಮಾತ್ರ ಸಿಗಲಿಲ್ಲ. ನಿಮ್ಮದು ಕನ್ನಡ ಪತ್ರಿಕೆ ಅಲ್ವಾ?

ನಾನು ತಾಲ್ಲೂಕು ಊರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಹುಟ್ಟುಹಬ್ಬದ ಬ್ಯಾನರ್, ತಿಥಿ ಕಾರ್ಡು, ಇದೇ ನನ್ನ ದಿನ. ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶದ ಕಾಲದಿಂದ ಕೂತಿದ್ದೇನೆ. ಹಾಗಾಗಿ ಯಾವುದಾದರೂ ಹೊಸ ತಂತ್ರಾಂಶ ಬಂದರೆ ನಾನು ಮೊದಲು ನೋಡುವುದು ಬೆಲೆಯಲ್ಲ. ಒಂದು ಸಾಲು ಟೈಪ್ ಮಾಡುತ್ತೇನೆ: 'ಶ್ರೀ ಲಕ್ಷ್ಮಿ, ಸ್ವಾತಂತ್ರ್ಯ, ಸೂರ್ಯ, ಕರ್ತೃ, ರಾಷ್ಟ್ರ, ರ‍್ಯಾಂಕ್'. ಅರ್ಥವಿಲ್ಲದ ಸಾಲು. ಆದರೆ ಇದರಲ್ಲಿ ಒತ್ತಿನ ಕೆಳಗೆ ಒತ್ತಿದೆ, ಅರ್ಕಾವೊತ್ತಿದೆ, ಒತ್ತಿನ ಜೊತೆ ವಟ್ರಸುಳಿ ಇದೆ. ಶ್ರೀ ಹೋಗಿ 'ಶ್‌ರೀ' ಆದರೆ, ಲಕ್ಷ್ಮಿ ಹೋಗಿ 'ಲಕ್‌ಷ್‌ಮಿ' ಆದರೆ, ಅಲ್ಲಿಗೆ ಆ ತಂತ್ರಾಂಶದ ಜೊತೆ ನನ್ನ ಮಾತು ಮುಗಿಯಿತು, ಇಲ್ಲವೇ ಅದರ ಸೆಟ್ಟಿಂಗ್ ಹುಡುಕುತ್ತೇನೆ. ಕೊನೆಯ ಪದ ಸುಮ್ನೆ ಇಟ್ಟಿದ್ದಲ್ಲ. ಪರೀಕ್ಷೆ ಫಲಿತಾಂಶ ಬಂದ ವಾರ ಶಾಲೆಯವರೆಲ್ಲ ರ‍್ಯಾಂಕ್ ಬ್ಯಾನರ್ ಮಾಡಿಸುತ್ತಾರೆ, ಅರ್ಧದಷ್ಟು ಬ್ಯಾನರುಗಳಲ್ಲಿ ಅದು 'ರ್ಯಾಂಕ್' ಆಗಿ ಅರ್ಕಾವೊತ್ತು ಹೊತ್ತುಕೊಂಡು ನಿಂತಿರುತ್ತದೆ.

ಫೋಟೋಶಾಪ್ ವಿಷಯವನ್ನೇ ತೆಗೆದುಕೊಳ್ಳಿ. ಬಹಳ ಹುಡುಗರು 'ಫೋಟೋಶಾಪಲ್ಲಿ ಕನ್ನಡ ಬರಲ್ಲ' ಅಂತ ಬಿಟ್ಟುಬಿಟ್ಟಿದ್ದಾರೆ. ಬರುತ್ತದೆ. ಸಿಎಸ್ ಅನ್ನುವ ಹಳೆಯ ಆವೃತ್ತಿಗಳ ಕಾಲದ ಕಾಪಿ ಇಟ್ಟುಕೊಂಡಿದ್ದರೆ ಬರುವುದಿಲ್ಲ, ನಿಜ. ಆಮೇಲಿನ ಹಲವು ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅಂತ ಇದೆ. ಅಲ್ಲಿ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಅಥವಾ 'ವರ್ಲ್ಡ್ ರೆಡಿ' ಅಂತ ಏನಿದೆಯೋ ಅದಕ್ಕೆ ಟಿಕ್ ಹಾಕಿ, ಒಮ್ಮೆ ಮುಚ್ಚಿ ತೆರೆದರೆ ಒತ್ತಕ್ಷರ ತಾನಾಗಿ ಕೂರುತ್ತದೆ. ಪುಸ್ತಕ, ಪತ್ರಿಕೆಯ ಪುಟ ಕಟ್ಟುವ ಇನ್‌ಡಿಸೈನ್‌ನಲ್ಲೂ ಹೀಗೆ. 2012ರ ಸಿಎಸ್6ರಿಂದಲೇ ಕನ್ನಡಕ್ಕೆ ಬೆಂಬಲ ಇದೆ, ಆದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡಿರಬೇಕು. ಒಂದು ಟಿಕ್ ಗೊತ್ತಿಲ್ಲದೆ ಎಷ್ಟು ಜನ ವರ್ಷಗಟ್ಟಲೆ ಒಂದೊಂದೇ ಅಕ್ಷರ ಜೋಡಿಸಿ ಕಣ್ಣು ಹಾಳು ಮಾಡಿಕೊಂಡಿದ್ದಾರೋ. ನಾನೂ ಅವರಲ್ಲಿ ಒಬ್ಬ. ಇಂಥದ್ದು ಅಲ್ವಾ ಪತ್ರಿಕೆಯಲ್ಲಿ ಬರಬೇಕಾದದ್ದು?

ಈಗ ಕ್ಯಾನ್ವಾ. ಆಸ್ಟ್ರೇಲಿಯಾದವರು 2013ರಲ್ಲಿ ಶುರು ಮಾಡಿದ್ದು. ಅದನ್ನು ಬೈಯುವುದು ನಮ್ಮ ಡಿಟಿಪಿ ಮಂದಿಗೆ ಒಂದು ಚಟ. ನಾನು ಬೈಯುವುದಿಲ್ಲ. ಅದರಲ್ಲಿ ಕನ್ನಡ ಮೊದಲ ಸಲವೇ ಸರಿಯಾಗಿ ಕೂರುತ್ತದೆ, ಯುನಿಕೋಡ್‌ನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿದ್ದರೆ ಸಾಕು. ವಾಟ್ಸಾಪ್ ಸ್ಟೇಟಸ್ಸಿಗೆ, ಹಬ್ಬದ ಶುಭಾಶಯಕ್ಕೆ, ಸಂಘದ ಸಭೆಯ ಆಹ್ವಾನಕ್ಕೆ ಅದಕ್ಕಿಂತ ಸುಲಭದ್ದು ಇಲ್ಲ. ತೊಂದರೆ ಶುರುವಾಗುವುದು ಅದನ್ನು ಕಾಗದಕ್ಕೆ ಇಳಿಸುವಾಗ.

ಹೋದ ಮದುವೆ ಸೀಸನ್‌ನಲ್ಲಿ ಒಬ್ಬ ಹುಡುಗ ಬಂದ. ಅಕ್ಕನ ಮದುವೆ ಕಾರ್ಡನ್ನು ಮೊಬೈಲಿನಲ್ಲೇ ಮಾಡಿದ್ದ. ನಿಜಕ್ಕೂ ಚೆಂದ ಇತ್ತು. ಕುಂಕುಮದ ಕೆಂಪು, ಬಾಳೆಯ ಹಸಿರು, ಮೇಲೆ ಗಣಪತಿ. 'ಅಂಕಲ್, ಇದನ್ನೇ 500 ಹೊಡೆದುಕೊಡಿ' ಅಂದ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದ. 5 ಇಂಚು ಅಗಲ, 7 ಇಂಚು ಎತ್ತರದ ಕಾರ್ಡು ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು, ಅಂದರೆ 1500ಕ್ಕೆ 2100 ಪಿಕ್ಸೆಲ್. ಅವನು ಕಳಿಸಿದ್ದು ಅದರ ಅರ್ಧವೂ ಇರಲಿಲ್ಲ. ಅಜ್ಜಿ ಅಜ್ಜಂದಿರ ಹೆಸರಿನ ಸಣ್ಣ ಅಕ್ಷರಗಳೆಲ್ಲ ಮಂಜು ಕವಿದಂತೆ. ಡಾಕ್ಯುಮೆಂಟ್ ಆಗಿ ಪಿಡಿಎಫ್ ಕಳಿಸಪ್ಪ ಅಂದೆ. ಕಳಿಸಿದ. ಅಕ್ಷರ ಚೊಕ್ಕವಾಯಿತು, ಬಣ್ಣ ಕೈಕೊಟ್ಟಿತು. ಮೊಬೈಲು ಬೆಳಕಿನಿಂದ ಬಣ್ಣ ತೋರಿಸುತ್ತದೆ (ಅದು ಆರ್‌ಜಿಬಿ), ಪ್ರೆಸ್ಸು ನಾಲ್ಕು ಶಾಯಿಯಿಂದ (ಅದು ಸಿಎಂವೈಕೆ). ಆರ್‌ಜಿಬಿಯ ಬಾಳೆಹಸಿರು ಸಿಎಂವೈಕೆಗೆ ಬಂದಾಗ ಒಣಗಿದ ಎಲೆಯ ಹಾಗಾಯಿತು. ಕ್ಯಾನ್ವಾದಲ್ಲಿ ಸಿಎಂವೈಕೆ ಪಿಡಿಎಫ್ ತೆಗೆಯಬಹುದು, ಆದರೆ ಅದು ದುಡ್ಡು ಕೊಟ್ಟವರಿಗೆ ಮಾತ್ರ. ಅಂಚಿನಲ್ಲಿ ಕತ್ತರಿಸಲು 3 ಮಿಲಿಮೀಟರ್ ಜಾಗ, ನಮ್ಮ ಭಾಷೆಯಲ್ಲಿ ಬ್ಲೀಡ್, ಅದನ್ನೂ ಬಿಟ್ಟಿರಲಿಲ್ಲ. ಕಡೆಗೆ ಕೋರೆಲ್‌ನಲ್ಲಿ ಮೊದಲಿಂದ ಕೂತು ಮಾಡಿದೆ. ಹುಡುಗನಿಗೆ ಬೇಜಾರಾಯಿತು. ತಪ್ಪು ಅವನದ್ದೂ ಅಲ್ಲ, ಕ್ಯಾನ್ವಾದ್ದೂ ಅಲ್ಲ. ಮದುವೆ ಕಾರ್ಡು ಕಾಗದಕ್ಕೆ ಹೋಗುತ್ತದಾ ಫೋನಿಗೆ ಹೋಗುತ್ತದಾ ಅಂತ ಮೊದಲೇ ಕೇಳಿಕೊಳ್ಳಬೇಕಿತ್ತು, ಅಷ್ಟೇ.

ಬ್ಯಾನರ್ ಲೆಕ್ಕ ಬೇರೆ. ದೂರದಿಂದ ನೋಡುವುದಾದ್ದರಿಂದ ಇಂಚಿಗೆ 72 ಚುಕ್ಕಿ ಇದ್ದರೂ ನಡೆಯುತ್ತದೆ. 6 ಅಡಿಗೆ 4 ಅಡಿಯದ್ದಾದರೆ 5184ಕ್ಕೆ 3456 ಪಿಕ್ಸೆಲ್. ಅದಕ್ಕೆ ಫೋಟೋಶಾಪ್ ಸಾಕು.

ನಮ್ಮ ಊರುಗಳಲ್ಲಿ ಇವತ್ತಿಗೂ ಕೋರೆಲ್‌ಡ್ರಾ ಯಾಕೆ ರಾಜ ಅಂತ ಬೆಂಗಳೂರಿನವರು ಕೇಳುತ್ತಾರೆ. ತಂತ್ರಾಂಶ ಚೆನ್ನಾಗಿದೆ ಅಂತ ಮಾತ್ರ ಅಲ್ಲ. ಅಕ್ಷರಗಳು. ನಮ್ಮ ಹತ್ತಿರ ಇರುವ ನುಡಿ, ಶ್ರೀಲಿಪಿ ಫಾಂಟುಗಳೆಲ್ಲ ಯುನಿಕೋಡ್ ಅಲ್ಲದ ಹಳೆಯವು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಹನ್ನೆರಡನೇ ಕೋರೆಲ್ ಇರಲಿ, ಪೇಜ್‌ಮೇಕರ್ ಇರಲಿ, ಆ ಫಾಂಟು ಇದ್ದರೆ ಎಲ್ಲಿ ಹಾಕಿದರೂ ಒತ್ತಕ್ಷರ ಒಡೆಯುವುದಿಲ್ಲ, ಯಾಕಂದರೆ ತಂತ್ರಾಂಶಕ್ಕೆ ಅದು ಕನ್ನಡ ಅಂತಲೇ ಗೊತ್ತಿಲ್ಲ! ಲಗ್ನಪತ್ರಿಕೆಗೆ ಬೇಕಾದ ಬಳ್ಳಿ ಬಳುಕಿನ ಅಕ್ಷರ, ನಾಟಕದ ಪೋಸ್ಟರಿನ ದಪ್ಪ ಅಕ್ಷರ, ಎಲ್ಲ ಆ ಸಂಗ್ರಹದಲ್ಲೇ ಇದೆ. ಯುನಿಕೋಡ್‌ನಲ್ಲಿ ಈಗ ಬಾಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ, ನೋಟೋ ಅಂತ ಉಚಿತವಾಗಿಯೇ ಒಳ್ಳೊಳ್ಳೆಯ ಫಾಂಟುಗಳು ಬಂದಿವೆ. ಆದರೂ ಮದುವೆ ಮನೆಯವರು ಆಲ್ಬಂ ತಿರುವಿ 'ನಮಗೆ ಇದೇ ಅಕ್ಷರ ಬೇಕು' ಅಂತ ಬೆರಳಿಡುವುದು ಹಳೆಯದರ ಮೇಲೆಯೇ.

ಈ ಎರಡು ಲೋಕ ಒಂದಕ್ಕೊಂದು ಮಾತಾಡುವುದಿಲ್ಲ. ನುಡಿಯಲ್ಲಿ 'ಕನ್ನಡ' ಅಂತ ಟೈಪ್ ಮಾಡಿದ್ದನ್ನು ಎತ್ತಿ ಕ್ಯಾನ್ವಾದಲ್ಲಿ ಹಾಕಿ ನೋಡಿ. ಒಂದು ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಹೀಗೆ ಏನೇನೋ ಸಾಲಾಗಿ ನಿಲ್ಲುತ್ತವೆ. ಒಂದು ಸಂಸ್ಥೆಯವರು ಸ್ಮರಣ ಸಂಚಿಕೆಯ ಬರಹಗಳನ್ನು ಹೀಗೇ ಅರ್ಧ ನುಡಿಯಲ್ಲಿ, ಅರ್ಧ ಯುನಿಕೋಡ್‌ನಲ್ಲಿ ತಂದುಕೊಟ್ಟಿದ್ದರು. ನುಡಿಯದ್ದನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದೆ. ಬಹುಪಾಲು ಸರಿಯಾಗಿ ಬಂತು, ಆದರೆ ನಡುನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಕನ್ನಡದ ಚೂರುಗಳಾಗಿ ಬದಲಾಗಿದ್ದವು. ಮೂರು ರಾತ್ರಿ ತಿದ್ದಿದೆ. ಅದಕ್ಕೇ ಹೇಳುತ್ತೇನೆ, ತಂತ್ರಾಂಶ ಬದಲಿಸುವವರು ಹಳೆಯ ಫೈಲುಗಳ ಗತಿ ಏನು ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು, 'ಕರ್ವ್ ಮಾಡಿ ಕಳಿಸಿ' ಅನ್ನುವ ಮಾತು. ದೊಡ್ಡ ಪ್ರೆಸ್ಸಿನವರ ಹತ್ತಿರ ನಮ್ಮ ಫಾಂಟು ಇರುವುದಿಲ್ಲ. ಹಾಗಾಗಿ ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಗೆರೆಗಳ ಚಿತ್ರವಾಗಿ ಮಾಡಿ ಕಳಿಸಬೇಕು. ಒಮ್ಮೆ ಹಾಗೆ ಕಳಿಸಿ, ಕರ್ವ್ ಮಾಡದ ಮೂಲ ಫೈಲು ಉಳಿಸಿಕೊಳ್ಳುವುದನ್ನೇ ಮರೆತೆ. ಮರುದಿನ ಬೆಳಿಗ್ಗೆ ಹುಡುಗಿಯ ತಂದೆ ಫೋನ್ ಮಾಡಿ ಮುಹೂರ್ತ 10.20 ಅಲ್ಲ 11.05 ಅಂದರು. ಅಕ್ಷರ ಅಕ್ಷರವಾಗಿ ಉಳಿದಿದ್ದರೆ ಒಂದು ನಿಮಿಷದ ಕೆಲಸ, ಅವತ್ತು ಬೇರೆ ಕಾರ್ಡಿನಿಂದ ಅಂಕಿ ಕತ್ತರಿಸಿ ತಂದು ಜೋಡಿಸಿದೆ.

ಫಿಗ್ಮಾ ನನ್ನ ಅಂಗಡಿಗೆ ಬೇಕಿಲ್ಲ. ಅದು ಆ್ಯಪ್, ವೆಬ್‌ಸೈಟ್ ಮಾಡುವವರದ್ದು. ಸಿಎಂವೈಕೆ ಅದಕ್ಕೆ ಗೊತ್ತೇ ಇಲ್ಲ. ಆದರೆ ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುತ್ತಾಳೆ, ನಾಲ್ಕು ಜನ ನಾಲ್ಕು ಊರಲ್ಲಿ ಕೂತು ಒಂದೇ ಪುಟದಲ್ಲಿ ಒಟ್ಟಿಗೆ ಕೆಲಸ ಮಾಡುವುದನ್ನು ತೋರಿಸಿದಳು, ಬೆರಗಾದೆ. ಅವಳದ್ದೂ ಕನ್ನಡದ ಗೋಳೇ. ಇಂಗ್ಲಿಷಿಗೆ ಅಳತೆ ಮಾಡಿದ ಬಟನ್ನಿನೊಳಗೆ ಕನ್ನಡ ಹಾಕಿದರೆ 'ಸ್ವಾತಂತ್ರ್ಯ'ದ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದಂತೆ. ಸಾಲಿನ ಎತ್ತರ ಹೆಚ್ಚಿಸಿ ಅಂದರೆ ತಂಡದವರು ಡಿಸೈನ್ ಕೆಡುತ್ತದೆ ಅನ್ನುತ್ತಾರಂತೆ.

ದುಡ್ಡಿನ ಮಾತೂ ಆಡಿಬಿಡುತ್ತೇನೆ. ಫೋಟೋಶಾಪ್, ಇಲ್ಲಸ್ಟ್ರೇಟರ್ ಮಾಡುವ ಅಡೋಬಿಯವರು ಒಂದೇ ಸಲ ಕೊಂಡುಕೊಳ್ಳುವ ಪದ್ಧತಿಯನ್ನು ಸಿಎಸ್6ಕ್ಕೇ ನಿಲ್ಲಿಸಿ 2013ರಲ್ಲಿ ಬಾಡಿಗೆಗೆ ಬಂದರು. ಸೀಸನ್‌ನಲ್ಲಿ ಮಾತ್ರ ದುಡಿಯುವ ಅಂಗಡಿಗೆ ಆಷಾಢದ ಬಾಡಿಗೆ ಕಟ್ಟುವುದು ಕಷ್ಟ. ಹಾಗಾಗಿ ತಾಲ್ಲೂಕುಗಳಲ್ಲಿ ಕಳ್ಳ ಕಾಪಿಯೇ ಜಾಸ್ತಿ, ಮುಚ್ಚಿಟ್ಟು ಏನು ಪ್ರಯೋಜನ. ನಾನೂ ಬಹಳ ವರ್ಷ ಹಾಗೇ ನಡೆಸಿದೆ, ಒಮ್ಮೆ ವೈರಸ್ ಬಂದು ಎರಡು ಸೀಸನ್‌ನ ಫೈಲು ಹೋದ ಮೇಲೆ ಬುದ್ಧಿ ಬಂತು. ಈಗ ಒಂದು ಅಸಲಿ ಕೋರೆಲ್ ಇದೆ, ಪಕ್ಕದ ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಇದೆ. ಇಂಕ್‌ಸ್ಕೇಪ್ ಪುಕ್ಕಟೆ, ಮುಕ್ತ ತಂತ್ರಾಂಶ, ಯುನಿಕೋಡ್ ಕನ್ನಡ ಚಿನ್ನದ ಹಾಗೆ ಕೂರುತ್ತದೆ, ಸೆಟ್ಟಿಂಗ್ ಮುಟ್ಟುವುದೇ ಬೇಡ. ಸಿಎಂವೈಕೆ ವಿಷಯದಲ್ಲಿ ಮಾತ್ರ ಕುಂಟುತ್ತದೆ. ಒಂದೇ ಬಣ್ಣದ ಬಿಲ್ ಬುಕ್ಕು, ರಬ್ಬರ್ ಸ್ಟಾಂಪು, ಲೋಗೋ ಎಲ್ಲ ಅದರಲ್ಲೇ ಮಾಡುತ್ತೇನೆ. ಪುಸ್ತಕದ ಪುಟ ಕಟ್ಟಲು ಸ್ಕ್ರೈಬಸ್ ಇದೆ, ಅದೂ ಪುಕ್ಕಟೆ, ಈಚಿನ 1.6ರಲ್ಲಿ ಕನ್ನಡ ಒಡೆಯುವುದಿಲ್ಲ. ನಿಮ್ಮ ಲೇಖನದಲ್ಲಿ ಇವೆರಡರ ಹೆಸರೂ ಇರಲಿಲ್ಲ.

ಅಫಿನಿಟಿ ಅನ್ನುವ ಡಿಸೈನ್ ತಂತ್ರಾಂಶದ ಬಗ್ಗೆ ಒಂದು ಮಾತು. ಅದನ್ನು 2024ರಲ್ಲಿ ಕ್ಯಾನ್ವಾದವರೇ ಕೊಂಡುಕೊಂಡರು, 2025ರಲ್ಲಿ ಪುಕ್ಕಟೆ ಮಾಡಿದರು. ಸುದ್ದಿ ಕೇಳಿ ನಮ್ಮ ಹುಡುಗರು ಮುಗಿಬಿದ್ದರು. ಹಿಂದಿನ ಆವೃತ್ತಿಗಳಲ್ಲಿ ಅದರ ಕನ್ನಡ ಪುಡಿಪುಡಿಯಾಗುತ್ತಿತ್ತು. ಇಳಿಸಿಕೊಂಡ ಕೂಡಲೇ ಮೇಲೆ ಹೇಳಿದ ಸಾಲು ಹಾಕಿ ನೋಡಿ, ಆಮೇಲೆ ಕಲಿಯಲು ಕೂರಿ.

ಸಂಪಾದಕರೇ, ನನ್ನದೊಂದು ಕೋರಿಕೆ. ಮುಂದಿನ ಸಲ ಇಂಥ ಹೋಲಿಕೆ ಹಾಕುವಾಗ ಸ್ಟಾರ್‌ಗಳ ಜಾಗದಲ್ಲಿ ಆ ಒಂದು ಸಾಲನ್ನು ಒಂದೊಂದು ತಂತ್ರಾಂಶದಲ್ಲೂ ಟೈಪ್ ಮಾಡಿಸಿ, ಬಂದದ್ದು ಬಂದ ಹಾಗೇ ಚಿತ್ರ ತೆಗೆದು ಸಾಲಾಗಿ ಅಚ್ಚು ಹಾಕಿ. ಒಡೆದ 'ಶ್‌ರೀ' ಕೂಡ ಇರಲಿ. ಈ ಕಾಗದ ಯುನಿಕೋಡ್‌ನಲ್ಲೇ ಟೈಪ್ ಮಾಡಿದ್ದೇನೆ. ನಿಮ್ಮ ಪುಟ ಕಟ್ಟುವವರ ತಂತ್ರಾಂಶಕ್ಕೆ ಹೋದಾಗ 'ರ‍್ಯಾಂಕ್' ಏನಾಗುತ್ತದೆ ಅಂತ ಪತ್ರಿಕೆಯಲ್ಲೇ ನೋಡಿಕೊಳ್ಳುತ್ತೇನೆ.

ಇಂತಿ,
ಒಬ್ಬ ಡಿಟಿಪಿ ಆಪರೇಟರ್
ಹಾವೇರಿ ಜಿಲ್ಲೆ